ಕರಡು ತಿದ್ದುವ ಕೈಗೆ ಒಗ್ಗಿದ ಡೆಸ್ಕ್‌ಟಾಪ್

ಲಿನಕ್ಸ್ ಡೆಸ್ಕ್‌ಟಾಪನ್ನು ತಮಗೆ ಬೇಕಾದಂತೆ ಹೊಂದಿಸಿಕೊಂಡವರು ಹಂಚಿಕೊಳ್ಳುವ ಚಿತ್ರಗಳಲ್ಲಿ ಹೆಚ್ಚಾಗಿ ಕಾಣುವುದು ಸುಂದರವಾದ ಹಿನ್ನೆಲೆ, ಹೊಸ ಬಗೆಯ ಐಕಾನ್‌ಗಳು ಮತ್ತು ಅರೆಪಾರದರ್ಶಕ ಪಟ್ಟಿ. ಆ ಅಂದದ ಬಗ್ಗೆ ನನಗೆ ಯಾವ ತಕರಾರೂ ಇಲ್ಲ. ಆದರೆ ಕನ್ನಡ ಪುಸ್ತಕಗಳ ಕರಡು ತಿದ್ದುವುದು ಮತ್ತು ಇಂಗ್ಲಿಷಿನಿಂದ ಅನುವಾದ ಮಾಡುವುದು ನನ್ನ ದಿನದ ಕೆಲಸವಾದ್ದರಿಂದ, ಡೆಸ್ಕ್‌ಟಾಪ್ ಹೇಗಿರಬೇಕು ಎಂಬುದನ್ನು ನಾನು ಒಂದೇ ಪ್ರಶ್ನೆಯಿಂದ ಅಳೆಯುತ್ತೇನೆ: ಓದುತ್ತಿರುವ ಸಾಲಿನಿಂದ ನನ್ನ ಕಣ್ಣು ಯಾವ ಕಾರಣಕ್ಕೆ ಕದಲುತ್ತದೆ? ಈಗ ಯಾವ ಭಾಷೆ ಚಾಲ್ತಿಯಲ್ಲಿದೆ ಎಂದು ನೋಡಲು, ಮೂಲ ಪಠ್ಯದ ಕಿಟಕಿಯನ್ನು ಹುಡುಕಲು, ಒಂದು ಅಕ್ಷರ ‘ದ’ವೋ ‘ಧ’ವೋ ಎಂದು ಪರದೆಯತ್ತ ಬಾಗಿ ನೋಡಲು ಕಣ್ಣು ಕದಲಿದರೆ, ಅಲ್ಲೊಂದು ಹೊಂದಾಣಿಕೆ ಬೇಕಾಗಿದೆ ಎಂದರ್ಥ. ಹೀಗೆ ಕೈ ಮತ್ತು ಕಣ್ಣುಗಳನ್ನು ಗಮನಿಸಿದ ಮೇಲೆಯೇ ನಾನು ಆಯ್ಕೆಗಳ ಪುಟಗಳನ್ನು ತೆರೆದದ್ದು.

ನಾನು ಬಳಸುವುದು ಲಿನಕ್ಸ್‌ನ ವಿತರಣೆಗಳಲ್ಲೊಂದಾದ ಡೆಬಿಯನ್ ಮೇಲೆ ನಡೆಯುವ ಎಕ್ಸ್‌ಎಫ್‌ಸಿಇ ಎಂಬ ಡೆಸ್ಕ್‌ಟಾಪ್. ಒಲಿವಿಯೆ ಫೂರ್ದಾನ್ 1996ರಲ್ಲಿ ಆರಂಭಿಸಿದ ಈ ಡೆಸ್ಕ್‌ಟಾಪಿನಲ್ಲಿ ನನಗೆ ಹಿಡಿಸಿದ ಗುಣವೆಂದರೆ ಅದು ನಿಧಾನವಾಗಿ ಬದಲಾಗುತ್ತದೆ. 2011ರಲ್ಲಿ ಗ್ನೋಮ್ ಎಂಬ ಇನ್ನೊಂದು ಡೆಸ್ಕ್‌ಟಾಪ್ ತನ್ನ ಮೂರನೆಯ ಆವೃತ್ತಿಯಲ್ಲಿ ಕೆಲಸದ ಕ್ರಮವನ್ನೇ ಬದಲಿಸಿದಾಗ ಬಹಳಷ್ಟು ಜನರ ಕೈರೂಢಿ ಒಮ್ಮೆಲೇ ತಪ್ಪಿಹೋಯಿತು. ಲಿನಕ್ಸ್‌ನ ಜನಕ ಲಿನಸ್ ಟೊರ್ವಾಲ್ಡ್ಸ್ ಅವರೇ ಆಗ ಎಕ್ಸ್‌ಎಫ್‌ಸಿಇಗೆ ಹೊರಳಿದ್ದಾಗಿ ಬಹಿರಂಗವಾಗಿ ಬರೆದಿದ್ದರು, ಹಳೆಯ ಗ್ನೋಮ್ 2 ಅನ್ನು ಉಳಿಸಿಕೊಳ್ಳಲೆಂದೇ ಮಾಟೆ ಎಂಬ ಕವಲು ಹುಟ್ಟಿಕೊಂಡಿತು. ಗ್ನೋಮ್ ಮಾಡಿದ್ದು ತಪ್ಪೆಂದು ನಾನು ಹೇಳುತ್ತಿಲ್ಲ, ಅದರ ಹೊಸ ಕ್ರಮಕ್ಕೆ ಒಗ್ಗಿ ಸುಖವಾಗಿರುವವರು ಲಕ್ಷಾಂತರ ಮಂದಿ ಇದ್ದಾರೆ. ಆದರೆ ವರ್ಷಗಟ್ಟಲೆ ಕೂಡಿದ ರೂಢಿಯನ್ನೂ ಒಂದು ಬಂಡವಾಳವೆಂದು ಎಣಿಸಬೇಕು ಎಂಬ ನನ್ನ ನಂಬಿಕೆ ಆ ಪ್ರಸಂಗದಿಂದ ಗಟ್ಟಿಯಾಯಿತು.

ಎಲ್ಲಕ್ಕಿಂತ ಹೆಚ್ಚು ಯೋಚನೆ ಬೇಡಿದ್ದು ಕೀಲಿಮಣೆ. ಕೆ. ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ, ಕರ್ನಾಟಕ ಸರ್ಕಾರವು ಅಂಗೀಕರಿಸಿದ, ನುಡಿ ತಂತ್ರಾಂಶದಿಂದ ಮನೆಮಾತಾದ ಕಗಪ (ಕನ್ನಡ ಗಣಕ ಪರಿಷತ್ತಿನ) ವಿನ್ಯಾಸದಲ್ಲಿ ನನ್ನ ಬೆರಳುಗಳು ಪಳಗಿವೆ. ಲಿನಕ್ಸ್‌ನಲ್ಲಿ ಈ ವಿನ್ಯಾಸ ಎರಡು ಕಡೆ ಸಿಗುತ್ತದೆ. ಒಂದು, ಎಕ್ಸ್‌ಕೆಬಿ ಎಂಬ ಕೆಳಹಂತದ ವ್ಯವಸ್ಥೆಯಲ್ಲಿ ಭಾರತೀಯ ಕೀಲಿಮಣೆಗಳ ಪೈಕಿ ಒಂದು ಪ್ರಭೇದವಾಗಿ. ಇನ್ನೊಂದು, ಐಬಸ್ ಎಂಬ ಇನ್‌ಪುಟ್ ತಂತ್ರಾಂಶದ ಮೂಲಕ ಬಳಸುವ, ಹಲವು ಭಾಷೆಗಳ ಕೀಲಿಮಣೆ ವಿನ್ಯಾಸಗಳಿರುವ ಎಂ17ಎನ್ ಸಂಗ್ರಹದಲ್ಲಿ. ಇವೆರಡರ ನಡುವಿನ ವ್ಯತ್ಯಾಸವನ್ನು ಹೊಸಬರಿಗೆ ಯಾರೂ ವಿವರಿಸಿ ಹೇಳುವುದಿಲ್ಲವಾದ್ದರಿಂದ ಇಲ್ಲಿ ಹೇಳುತ್ತೇನೆ. ಎಕ್ಸ್‌ಕೆಬಿಗೆ ಹಿಂದಿನ ಅಕ್ಷರ ಯಾವುದೆಂಬ ಅರಿವಿಲ್ಲ. ಒಂದು ಕೀಲಿಗೆ ಒಂದು ಸಂಕೇತವನ್ನು ಕಳಿಸುವುದಷ್ಟೇ ಅದರ ಕೆಲಸ. ಹಾಗಾಗಿ ‘ಇ’ ಎಂಬ ಸ್ವರಕ್ಕೂ ವ್ಯಂಜನಕ್ಕೆ ಸೇರುವ ಗುಡಿಸಿಗೂ ಅಲ್ಲಿ ಬೇರೆ ಬೇರೆ ಒತ್ತುವಿಕೆ ಬೇಕು. ಎಂ17ಎನ್ ಹಾಗಲ್ಲ. ಅದು ಹಿಂದೆ ವ್ಯಂಜನವಿದೆಯೇ ಎಂದು ನೋಡಿ, ಇದ್ದರೆ ಗುಣಿತದ ಚಿಹ್ನೆಯನ್ನೂ ಇಲ್ಲದಿದ್ದರೆ ಪೂರ್ಣ ಸ್ವರವನ್ನೂ ಅದೇ ಕೀಲಿಯಿಂದ ಕೊಡುತ್ತದೆ. ನುಡಿಯಲ್ಲಿ ಪಳಗಿದ ಕೈಗೆ ಬೇಕಾದದ್ದು ಈ ಎರಡನೆಯದು.

ಇನ್ನು ಭಾಷೆ ಬದಲಿಸುವ ಕೀಲಿ. ಸಾಮಾನ್ಯವಾಗಿ ಎಲ್ಲ ಡೆಸ್ಕ್‌ಟಾಪ್‌ಗಳಲ್ಲೂ ಒಂದೇ ಕೀಲಿಜೋಡಿಯನ್ನು ಒತ್ತಿದಾಗಲೆಲ್ಲ ಕನ್ನಡದಿಂದ ಇಂಗ್ಲಿಷಿಗೆ, ಮತ್ತೆ ಒತ್ತಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಎಂಬ ಏರ್ಪಾಡಿರುತ್ತದೆ. ಇದರ ತೊಂದರೆ ಏನೆಂದರೆ, ಒತ್ತುವ ಮುನ್ನ ಈಗ ಯಾವುದರಲ್ಲಿದ್ದೇನೆ ಎಂಬುದು ತಿಳಿದಿರಬೇಕು. ತಿಳಿಯಬೇಕಾದರೆ ಪರದೆಯ ಮೂಲೆಯನ್ನು ನೋಡಬೇಕು. ಅನುವಾದಕರು ಒಂದು ಪುಟದಲ್ಲೇ ಹತ್ತಾರು ಸಲ ಅತ್ತಿಂದಿತ್ತ ಹೋಗುವವರು. ಆದ್ದರಿಂದ ನಾನು ಕನ್ನಡಕ್ಕೆ ಒಂದು ಕೀಲಿ, ಇಂಗ್ಲಿಷಿಗೆ ಇನ್ನೊಂದು ಎಂದು ಶಾಶ್ವತವಾಗಿ ಗೊತ್ತುಮಾಡಿದ್ದೇನೆ. ನನಗೆ ಉಪಯೋಗವೇ ಇಲ್ಲದ ಕ್ಯಾಪ್ಸ್ ಲಾಕ್ ಕೀಲಿಯನ್ನು ಎಕ್ಸ್‌ಕೆಬಿಯ ಆಯ್ಕೆಯೊಂದರಿಂದ ಹೆಚ್ಚುವರಿ ಮೆನು ಕೀಲಿಯನ್ನಾಗಿ ಬದಲಿಸಿ, ಅದನ್ನು ಒತ್ತಿದರೆ ಐಬಸ್ ಕನ್ನಡದ ಎಂಜಿನ್ನಿಗೂ, ಶಿಫ್ಟ್ ಜೊತೆಗೆ ಒತ್ತಿದರೆ ಇಂಗ್ಲಿಷಿಗೂ ಹೋಗುವಂತೆ ಎಕ್ಸ್‌ಎಫ್‌ಸಿಇಯ ಕೀಲಿಮಣೆ ಶಾರ್ಟ್‌ಕಟ್‌ಗಳಲ್ಲಿ ಎರಡು ಆದೇಶಗಳನ್ನು ಸೇರಿಸಿದೆ. ಐಬಸ್‌ನಲ್ಲಿ ಎಂಜಿನ್ನಿನ ಹೆಸರನ್ನು ಕೊಟ್ಟು ನೇರವಾಗಿ ಅದಕ್ಕೇ ಹೋಗುವ ಆದೇಶವೊಂದು ಇದೆ. ಅದನ್ನು ಬಳಸುವವರು ಮಾತ್ರ ಕಡಿಮೆ. ಈಗಾಗಲೇ ಕನ್ನಡದಲ್ಲಿದ್ದು ಕನ್ನಡದ ಕೀಲಿಯನ್ನೇ ಮತ್ತೆ ಒತ್ತಿದರೂ ಏನೂ ಕೆಡುವುದಿಲ್ಲ, ಕನ್ನಡದಲ್ಲೇ ಇರುತ್ತೇನೆ. ಸಂದೇಹ ಬಂದಾಗ ನೋಡುವ ಬದಲು ಒತ್ತಿಬಿಡುವುದು ಈಗ ನನ್ನ ಬೆರಳಿನ ಅಭ್ಯಾಸವಾಗಿದೆ.

ಇದನ್ನು ಮಾಡಬಯಸುವವರು ಎರಡು ಸಂಗತಿಗಳನ್ನು ನೆನಪಿಡಬೇಕು. ಐಬಸ್‌ನ ಆಯ್ಕೆಗಳಲ್ಲಿ ಸಿಸ್ಟಂನ ಕೀಲಿಮಣೆ ವಿನ್ಯಾಸವನ್ನೇ ಬಳಸುವಂತೆ ಗುರುತು ಹಾಕದಿದ್ದರೆ, ಕ್ಯಾಪ್ಸ್ ಲಾಕ್‌ಗೆ ಮಾಡಿದ ಬದಲಾವಣೆಯನ್ನು ಅದು ಅಳಿಸಿಬಿಡಬಹುದು. ಹಾಗೆಯೇ ಎಲ್ಲ ತಂತ್ರಾಂಶಗಳಿಗೂ ಒಂದೇ ಇನ್‌ಪುಟ್ ವಿಧಾನ ಎಂಬ ಆಯ್ಕೆಯನ್ನು ಉಳಿಸಿಕೊಳ್ಳಬೇಕು. ಒಂದೊಂದು ಕಿಟಕಿಯೂ ತನ್ನ ಭಾಷೆಯನ್ನು ತಾನೇ ನೆನಪಿಟ್ಟುಕೊಳ್ಳುವ ಸೌಲಭ್ಯವನ್ನು ಗ್ನೋಮ್, ಕೆಡಿಇ ಎಂಬ ಎರಡೂ ಡೆಸ್ಕ್‌ಟಾಪ್‌ಗಳು ಕೊಡುತ್ತವೆ, ಹಲವರು ಅದನ್ನು ಮೆಚ್ಚುತ್ತಾರೆ. ಆದರೆ ನೇರ ಕೀಲಿಗಳ ರೂಢಿಯಾದ ಮೇಲೆ ಅದು ಬೇಕಾಗುವುದಿಲ್ಲ. ಆದೇಶಗಳನ್ನು ಟೈಪ್ ಮಾಡುವ ಟರ್ಮಿನಲ್ ಕಿಟಕಿಯನ್ನು ತೆರೆಯುವ ಶಾರ್ಟ್‌ಕಟ್‌ಗೆ ಮಾತ್ರ ನಾನು ಮೊದಲು ಇಂಗ್ಲಿಷಿಗೆ ಬದಲಿಸಿ ಆಮೇಲೆ ಟರ್ಮಿನಲ್ ತೆರೆಯುವ ಎರಡು ಸಾಲಿನ ಸ್ಕ್ರಿಪ್ಟನ್ನು ಜೋಡಿಸಿದ್ದೇನೆ, ಏಕೆಂದರೆ ಅಲ್ಲಿ ಕನ್ನಡದಲ್ಲಿ ಆದೇಶ ಬರೆಯುವ ಸಂದರ್ಭವೇ ಬರುವುದಿಲ್ಲ.

ಕೀಲಿಮಣೆಯ ವಿಷಯದಲ್ಲಿ ಇನ್ನೊಂದು ಕೆಲಸ ಬಾಕಿಯಿತ್ತು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ‘ಟ್’ ಬಿಡಿಯಾಗಿ ನಿಲ್ಲಬೇಕಾದರೆ ನಡುವೆ ಯುನಿಕೋಡಿನ 200ಸಿ ಸಂಕೇತದ ಕಾಣದ ಅಕ್ಷರವೊಂದು ಬೇಕು. ‘ರ‍್ಯಾಂಕ್’ ಎಂಬಲ್ಲಿ ರಕಾರವು ಅರ್ಕಾವೊತ್ತಾಗದೆ ಪೂರ್ಣವಾಗಿ ಉಳಿಯಬೇಕಾದರೆ 200ಡಿ ಸಂಕೇತದ ಇನ್ನೊಂದು ಕಾಣದ ಅಕ್ಷರ ಬೇಕು. ಕರಡು ತಿದ್ದುವಾಗ ಇವೆರಡನ್ನೂ ದಿನವಿಡೀ ಸೇರಿಸುತ್ತಿರಬೇಕಾಗುತ್ತದೆ. ಎಂ17ಎನ್‌ನ ವಿನ್ಯಾಸಗಳು ಯಾರು ಬೇಕಾದರೂ ತೆರೆದು ಓದಬಹುದಾದ ಸರಳ ಪಠ್ಯ ಕಡತಗಳು. ಕಗಪದ ಕಡತವನ್ನು ನನ್ನ ಹೋಮ್ ಫೋಲ್ಡರಿನೊಳಗೆ ಎಂ17ಎನ್‌ಗಾಗಿ ಇರುವ ಫೋಲ್ಡರಿಗೆ ನಕಲು ಮಾಡಿ, ಒಳಗಿನ ಹೆಸರನ್ನು ಬದಲಿಸಿ, ಈ ಎರಡು ಅಕ್ಷರಗಳು ನನ್ನ ಬಲಗೈ ಸುಲಭವಾಗಿ ತಲುಪುವ ಕೀಲಿಗಳಲ್ಲಿ ಬರುವಂತೆ ಎರಡು ಸಾಲು ಸೇರಿಸಿದೆ. ಮೂಲ ಕಡತ ಹಾಗೆಯೇ ಇರುವುದರಿಂದ ಸಿಸ್ಟಂ ಅಪ್‌ಡೇಟ್ ಆದರೂ ನನ್ನ ವಿನ್ಯಾಸಕ್ಕೆ ಧಕ್ಕೆಯಿಲ್ಲ. ಒಬ್ಬ ಬಳಕೆದಾರ ತನ್ನ ಭಾಷೆಯ ಕೀಲಿಮಣೆಯನ್ನು ಯಾರ ಅನುಮತಿಯನ್ನೂ ಕೇಳದೆ ತಿದ್ದಿಕೊಳ್ಳಬಹುದಾದ ಈ ಅವಕಾಶ ನಾನು ಲಿನಕ್ಸ್‌ನಲ್ಲೇ ಉಳಿದಿರುವುದಕ್ಕೆ ಮುಖ್ಯ ಕಾರಣ.

ಕೀಲಿಮಣೆಯಾದ ಮೇಲೆ ಫಾಂಟ್. ಕನ್ನಡದ ಅಲ್ಪಪ್ರಾಣ ಮಹಾಪ್ರಾಣಗಳಲ್ಲಿ ಹಲವು ಜೋಡಿಗಳು ಬೇರೆಯಾಗುವುದು ಕೆಳಗಿನ ಒಂದು ಸಣ್ಣ ಸೀಳಿನಿಂದ: ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’, ‘ಡ’ ಮತ್ತು ‘ಢ’. ‘ಥ’ಕ್ಕೂ ‘ಧ’ಕ್ಕೂ ಇರುವ ವ್ಯತ್ಯಾಸ ನಡುವಿನ ಒಂದು ಚುಕ್ಕೆ ಮಾತ್ರ. ಪರದೆಯ ಮೇಲೆ ಅಕ್ಷರ ಚಿಕ್ಕದಾದಾಗ ಮೊದಲು ಮಾಯವಾಗುವುದೇ ಈ ಸೀಳು ಮತ್ತು ಚುಕ್ಕೆ, ಕರಡಿನಲ್ಲಿ ಹೆಚ್ಚು ತಪ್ಪು ಅಡಗಿ ಕೂರುವುದೂ ಅಲ್ಲೇ. ನಾವು ಆರಿಸಿದ ಫಾಂಟಿನಲ್ಲಿ ಕನ್ನಡವಿಲ್ಲದಿದ್ದರೆ ಫಾಂಟ್‌ಕಾನ್ಫಿಗ್ ಎಂಬ ವ್ಯವಸ್ಥೆಯು ತನ್ನ ಪಟ್ಟಿಯಲ್ಲಿ ಕನ್ನಡವಿರುವ ಮುಂದಿನ ಫಾಂಟನ್ನು ತಾನೇ ಎತ್ತಿಕೊಳ್ಳುತ್ತದೆ. ಅದು ನೋಟೋ ಆಗಿರಬಹುದು, ಲೋಹಿತ್ ಆಗಿರಬಹುದು, ಗುಬ್ಬಿ ಅಥವಾ ನವಿಲು ಆಗಿರಬಹುದು. ಒಂದೇ ಪಠ್ಯ ಬೇರೆ ಬೇರೆ ಯಂತ್ರಗಳಲ್ಲಿ ಬೇರೆ ಬೇರೆಯಾಗಿ ಕಾಣುವುದು ಇದರಿಂದಲೇ. ಹೋಮ್ ಫೋಲ್ಡರಿನ ಫಾಂಟ್‌ಕಾನ್ಫಿಗ್ ಕಡತದಲ್ಲಿ, ಕನ್ನಡ ಭಾಷೆಯ ಪಠ್ಯಕ್ಕೆ ಯಾವ ಫಾಂಟ್ ಮೊದಲು ಎಂಬುದನ್ನು ನಾನೇ ನಿಗದಿಪಡಿಸಿದ್ದೇನೆ. ಓದಲು ಮತ್ತು ತಿದ್ದಲು ನೋಟೋ ಸೆರಿಫ್ ಕನ್ನಡ, ಮೆನುಗಳಿಗೂ ಕಡತದ ಹೆಸರುಗಳಿಗೂ ನೋಟೋ ಸ್ಯಾನ್ಸ್ ಕನ್ನಡ. ಇದರ ಜೊತೆಗೆ ಎಕ್ಸ್‌ಎಫ್‌ಸಿಇಯ ತೋರ್ಕೆಯ ಆಯ್ಕೆಗಳಲ್ಲಿ ಅಕ್ಷರದ ಗೆರೆಗಳನ್ನು ಪರದೆಯ ಚುಕ್ಕೆಗಳಿಗೆ ಹೊಂದಿಸುವ ಹಿಂಟಿಂಗನ್ನು ಪೂರ್ಣದಿಂದ ಅಲ್ಪಕ್ಕೆ ಇಳಿಸಿ, ಅಕ್ಷರಗಳ ಗಾತ್ರವನ್ನು ಹಿಗ್ಗಿಸುವ ಡಿಪಿಐ ಮೌಲ್ಯವನ್ನು 96ರಿಂದ 108ಕ್ಕೆ ಏರಿಸಿದ್ದೇನೆ. ಅಕ್ಷರಗಳ ಗುಂಡುತನ ಚೌಕವಾಗದೆ ಉಳಿದು, ಸೀಳುಗಳು ಸ್ಪಷ್ಟವಾಗಿ ಕಾಣುವುದಕ್ಕೆ ನನ್ನ ಪರದೆಯಲ್ಲಿ ಇಷ್ಟು ಸಾಕಾಯಿತು.

ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುವುದರಿಂದ ಕನ್ನಡದ ಸಾಲು ಇಂಗ್ಲಿಷಿನ ಸಾಲಿಗಿಂತ ಎತ್ತರವನ್ನು ಹೆಚ್ಚು ಬೇಡುತ್ತದೆ. 1366×768 ಅಳತೆಯ ಲ್ಯಾಪ್‌ಟಾಪ್ ಪರದೆಯಲ್ಲಿ ಅಗಲ ಧಾರಾಳವಾಗಿದ್ದು ಎತ್ತರವೇ ಕಡಿಮೆ. ಈ ಕಾರಣಕ್ಕೆ ಕೆಲಸದ ಪಟ್ಟಿಯನ್ನು ಎಡಬದಿಗೆ ಲಂಬವಾಗಿ ನಿಲ್ಲಿಸಿ, ಪೂರ್ತಿ ಹಿಗ್ಗಿಸಿದ ಕಿಟಕಿಗಳ ಶೀರ್ಷಿಕೆಪಟ್ಟಿ ಮರೆಯಾಗುವಂತೆ ಮಾಡಿದೆ. ಉಳಿದ ಕಿಟಕಿ ವ್ಯವಸ್ಥೆ ಸರಳವಾದದ್ದು. ಮೊದಲ ಕಾರ್ಯಕ್ಷೇತ್ರದಲ್ಲಿ ಎಡಕ್ಕೆ ಮೂಲ, ಬಲಕ್ಕೆ ಅನುವಾದ, ಎರಡನೆಯದರಲ್ಲಿ ನಿಘಂಟುಗಳು, ಮೂರನೆಯದರಲ್ಲಿ ಅಂಚೆ. ಯಾವ ತಂತ್ರಾಂಶ ಎಲ್ಲಿ ತೆರೆಯಬೇಕೆಂಬುದನ್ನು ಡೆವಿಲ್ಸ್‌ಪೈ2 ಎಂಬ ಚಿಕ್ಕ ತಂತ್ರಾಂಶ ನೋಡಿಕೊಳ್ಳುತ್ತದೆ.

ನಮ್ಮ ಪುಸ್ತಕ ಲೋಕಕ್ಕೇ ವಿಶೇಷವಾದ ಒಂದು ಹೊಂದಾಣಿಕೆಯನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಡಿಟಿಪಿ ಕೇಂದ್ರಗಳಿಂದ ಇಂದಿಗೂ ನುಡಿಯ ಹಳೆಯ ಆಸ್ಕಿ ಫಾಂಟಿನ ಕಡತಗಳು ಬರುತ್ತಿರುತ್ತವೆ. ಅವುಗಳಲ್ಲಿ ಕನ್ನಡದ ಅಕ್ಷರಭಾಗಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕುಳಿತಿರುವುದರಿಂದ ಆ ಫಾಂಟ್ ಇಲ್ಲದೆ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ. ಎಕ್ಸ್‌ಎಫ್‌ಸಿಇಯ ಕಡತ ನಿರ್ವಾಹಕವಾದ ಥುನಾರ್‌ನಲ್ಲಿ ಬಲಗುಂಡಿಯ ಮೆನುವಿಗೆ ನಮ್ಮದೇ ಆದೇಶಗಳನ್ನು ಸೇರಿಸುವ ಸೌಲಭ್ಯವಿದೆ; ಆ ಆದೇಶ ಯಾವ ಬಗೆಯ ಕಡತದ ಮೇಲೆ ಮಾತ್ರ ಕಾಣಬೇಕೆಂದು ಹೇಳುವುದಕ್ಕೂ ಬರುತ್ತದೆ. ಪಠ್ಯ ಕಡತದ ಮೇಲೆ ಬಲಗುಂಡಿ ಒತ್ತಿ ‘ಯುನಿಕೋಡಿಗೆ’ ಎಂದು ಆರಿಸಿದರೆ, ಮೂಲವನ್ನು ಮುಟ್ಟದೆ ಪಕ್ಕದಲ್ಲೇ ಹೊಸ ಕಡತ ತಯಾರಾಗುವಂತೆ ಪರಿವರ್ತಕ ಸ್ಕ್ರಿಪ್ಟೊಂದನ್ನು ಅಲ್ಲಿಗೆ ಜೋಡಿಸಿದ್ದೇನೆ. ಆಸ್ಕಿಯಲ್ಲಿ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ ವ್ಯಂಜನದ ನಂತರ ಇರುತ್ತದೆ, ಯುನಿಕೋಡಿನಲ್ಲಿ ರಕಾರ ಮೊದಲು ಬರುತ್ತದೆ. ಪರಿವರ್ತನೆ ಎಡವುವುದು ಹೆಚ್ಚಾಗಿ ಈ ಸ್ಥಳಾಂತರದಲ್ಲಿ. ಹಾಗಾಗಿ ಅದೇ ಸ್ಕ್ರಿಪ್ಟ್ ಅರ್ಕಾವೊತ್ತು ಇರುವ ಪದಗಳನ್ನೆಲ್ಲ ಬೇರೊಂದು ಪಟ್ಟಿಯಾಗಿ ಬರೆದಿಡುತ್ತದೆ. ನಾನು ಮೊದಲು ಓದುವುದು ಆ ಪಟ್ಟಿಯನ್ನು.

ಇಷ್ಟೆಲ್ಲ ಹೊಂದಿಸಿದ ಮೇಲೆ ಅದನ್ನು ಉಳಿಸಿಕೊಳ್ಳುವ ಪ್ರಶ್ನೆ ಬರುತ್ತದೆ. ನನ್ನ ಆಯ್ಕೆಯ ಕಡತಗಳೆಲ್ಲ ಬದಲಾವಣೆಗಳ ಇತಿಹಾಸವನ್ನು ಉಳಿಸಿಡುವ ಒಂದು ಗಿಟ್ ಭಂಡಾರದಲ್ಲಿವೆ. ಎಕ್ಸ್‌ಎಫ್‌ಸಿಇಯ ಆಯ್ಕೆಗಳು ಎಕ್ಸ್‌ಎಂಎಲ್ ಕಡತಗಳಾಗಿದ್ದರೂ, ಡೆಸ್ಕ್‌ಟಾಪ್ ನಡೆಯುತ್ತಿರುವಾಗ ಅವನ್ನು ನೇರವಾಗಿ ತಿದ್ದಿದರೆ ಹಿನ್ನೆಲೆಯ ಎಕ್ಸ್‌ಎಫ್‌ಕಾನ್ಫ್ ಸೇವೆಯು ತನ್ನ ನೆನಪಿನಲ್ಲಿರುವ ಹಳೆಯ ಮೌಲ್ಯವನ್ನೇ ಮತ್ತೆ ಬರೆದುಬಿಡಬಹುದು. ಲಾಗೌಟ್ ಆಗಿ ತಿದ್ದಬೇಕು, ಇಲ್ಲವೇ ಅದಕ್ಕೆಂದೇ ಇರುವ ಆದೇಶವನ್ನು ಬಳಸಬೇಕು. ಕ್ಯಾಪ್ಸ್ ಲಾಕ್‌ನ ಬದಲಾವಣೆಯನ್ನು ನಾನು ಡೆಬಿಯನ್‌ನ ಸಿಸ್ಟಂ ಮಟ್ಟದ ಕೀಲಿಮಣೆ ಕಡತದಲ್ಲೇ ಬರೆದಿರುವುದರಿಂದ ಲಾಗಿನ್ ಪರದೆಯಲ್ಲೂ ಅದು ಜಾರಿಯಲ್ಲಿರುತ್ತದೆ.

ಇದೇ ತರ್ಕವನ್ನು ಮುಂದುವರಿಸಿ, ಯಾವ ಹೊಂದಾಣಿಕೆಯನ್ನು ಯಾವ ಪದರದಲ್ಲಿ ಇಡಬೇಕು ಎಂಬ ಬಗ್ಗೆ ನಾನು ಈಗ ಹೆಚ್ಚು ಎಚ್ಚರ ವಹಿಸುತ್ತೇನೆ. 2024ರ ಡಿಸೆಂಬರಿನಲ್ಲಿ ಬಂದ ಎಕ್ಸ್‌ಎಫ್‌ಸಿಇ 4.20 ಪರದೆಯ ಮೇಲೆ ಕಿಟಕಿಗಳನ್ನು ಮೂಡಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಅನ್ನು ಪ್ರಾಯೋಗಿಕವಾಗಿ ಬೆಂಬಲಿಸುತ್ತದೆ. ಗ್ನೋಮ್ ಮತ್ತು ಕೆಡಿಇ ಆ ದಾರಿಯಲ್ಲಿ ಬಹಳ ಮುಂದೆ ಹೋಗಿವೆ. ಡೆವಿಲ್ಸ್‌ಪೈ2 ಹಳೆಯ ಎಕ್ಸ್11 ವ್ಯವಸ್ಥೆಯನ್ನೇ ನಂಬಿದೆ, ವೇಲ್ಯಾಂಡ್‌ನಲ್ಲಿ ಅದಕ್ಕೆ ಕೆಲಸವಿಲ್ಲ. ಆದರೆ ಎಂ17ಎನ್‌ನಲ್ಲಿ ತಿದ್ದಿದ ಕಗಪ, ಫಾಂಟ್‌ಕಾನ್ಫಿಗ್‌ನ ಆದ್ಯತೆ, ಎಕ್ಸ್‌ಕೆಬಿಯ ಆಯ್ಕೆ ಇವು ಮೂರೂ ಯಾವ ಡೆಸ್ಕ್‌ಟಾಪಿಗೂ ಸೇರಿದವಲ್ಲ. ಗ್ನೋಮ್‌ಗೆ ಹೋದರೂ ಕೆಡಿಇಯ ಪ್ಲಾಸ್ಮಾಕ್ಕೆ ಹೋದರೂ ಜೊತೆಗೆ ಬರುತ್ತವೆ. ಕಿಟಕಿಗಳ ಜಾಗವನ್ನು ಹೊಸ ಡೆಸ್ಕ್‌ಟಾಪಿನಲ್ಲಿ ಒಂದು ಮಧ್ಯಾಹ್ನದಲ್ಲಿ ಮತ್ತೆ ಗೊತ್ತುಮಾಡಬಹುದು. ಕನ್ನಡ ಬರೆಯುವ ಬೆರಳುಗಳ ರೂಢಿಯನ್ನು ಹಾಗೆ ಕಟ್ಟಲಾಗದು. ಅದಕ್ಕೇ ಅದನ್ನು ಸಾಧ್ಯವಾದಷ್ಟು ಕೆಳಗಿನ ಪದರದಲ್ಲಿ ಇಟ್ಟಿದ್ದೇನೆ, ನನ್ನ ಕಗಪ ಕಡತದಲ್ಲಿ ಬದಲಿಸಿದ ಪ್ರತಿ ಸಾಲಿನ ಪಕ್ಕದಲ್ಲೂ ಅದು ಯಾಕೆ ಎಂದು ಕನ್ನಡದಲ್ಲೇ ಟಿಪ್ಪಣಿ ಬರೆದಿದ್ದೇನೆ.