ಕೋಲಾಟ, ಬ್ಲೂಟೂತ್ ಸ್ಪೀಕರ್ ಮತ್ತೆ ನನ್ನ ಎಡವಟ್ಟು

ಸಿಆರ್‌ಪಿ (ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ವಿಸಿಟ್ ಅಂದ್ರೆ ನಮ್ ಹೆಡ್‌ಮೇಷ್ಟ್ರಿಗೆ ಕೈಕಾಲೇ ಆಡಲ್ಲ. "ಮೌಲ್ಯ ಶಿಕ್ಷಣದ್ದು ಏನಾದ್ರೂ ತೋರಿಸ್ಬೇಕು ಕಣ್ರೀ, ಫೋಟೋನೂ ಬೇಕು" ಅಂದ್ರು. ನಲಿಕಲಿ ಪದ್ಧತಿ ಇರೋ 3ನೇ ಕ್ಲಾಸ್ ತನಕ ಮಕ್ಕಳು ಹಾಡ್ಕೊಂಡೇ ಕಲೀತಾವೆ, 4ಕ್ಕೆ ಬಂದ್ರೆ ಹಾಡೂ ಇಲ್ಲ ಕುಣಿತಾನೂ ಇಲ್ಲ, ಹಂಗಾಗಿ ನಾನೇ ಹುಮ್ಮಸ್ಸಲ್ಲಿ 4, 5ನೇ ಕ್ಲಾಸಿನ 16 ಮಕ್ಕಳನ್ನ ಸೇರಿಸಿ ಕೋಲಾಟ ಶುರು ಮಾಡ್ದೆ. ಗೋಡೆಗೆ "ಸಹಕಾರ, ತಾಳ್ಮೆ, ಶಿಸ್ತು" ಅಂತ ಚಾರ್ಟ್ ಬೇರೆ.

ಹಾಡಿಗೆ ಯೂಟ್ಯೂಬಿಂದ ಒಂದು ಟ್ರ್ಯಾಕು, ಬ್ಲೂಟೂತ್ ಸ್ಪೀಕರು. ಮೂರನೇ ದಿನ ಒಬ್ಬ ಹುಡುಗ ಎದುರಿನ ಹುಡುಗಿ ಬೆರಳಿಗೇ ಕೋಲು ಬಿಟ್ಟ, ಉಗುರು ನೀಲಿ. ಮೊದಲೇ ತರಲೆ ಅಂತ ಹೆಸರು ತಗೊಂಡಿದ್ದೋನು. ಏನಾಯ್ತು ಅಂತ ಕೇಳ್ಲೇ ಇಲ್ಲ ನಾನು, ಕೋಲು ಕಿತ್ಕೊಂಡು ಚಾರ್ಟ್ ಕೆಳಗೆ ನಿಲ್ಲಿಸ್ದೆ, ಅವನ ಜಾಗಕ್ಕೆ ಇನ್ನೊಬ್ಬ ಬಂದ.

ವಿಸಿಟ್ ದಿನ ಎರಡು ಸುತ್ತು ಚೆನ್ನಾಗೇ ಹೋಯ್ತು. ಮೂರನೇದಕ್ಕೆ ಟ್ರ್ಯಾಕ್ ಜೋರಾಗತ್ತೆ. ಒಂದು ಜೋಡಿ ತಪ್ಪಿತು, ಹಿಂದಿನವರು ಬಂದು ಡಿಕ್ಕಿ, ಸ್ಪೀಕರ್ ಮಾತ್ರ ತನ್ನ ಪಾಡಿಗೆ ಬಡ್ಕೋತಾನೇ ಇದೆ. ಆಫ್ ಮಾಡೋಣ ಅಂತ ಮೊಬೈಲ್ ತೆಗೆದ್ರೆ ಲಾಕು, ಬೆವರಿದ ಬೆರಳು ತಗೋತಿಲ್ಲ, ಒರೆಸ್ಕೊಂಡು ಒತ್ತಿದ್ರೂ ಇಲ್ಲ. ಅಷ್ಟರಲ್ಲಿ "ಇವನೇ ಸಾರ್" "ಇವಳೇ ಸಾರ್" ಶುರುವಾಗಿ ಒಬ್ಬ ಕೋಲು ಎತ್ತೇಬಿಟ್ಟ. ಸಹಕಾರದ ಚಾರ್ಟ್ ಕೆಳಗೇ! ಸಿಆರ್‌ಪಿ ಪೆನ್ನಿಗೆ ಕ್ಯಾಪ್ ಹಾಕಿ "ಆಯ್ತು ಬಿಡಿ, ಬಿಸಿಯೂಟದ ರಿಜಿಸ್ಟರ್ ತನ್ನಿ" ಅಂದ್ರು.

ಸಂಜೆ ಪಾತ್ರೆ ತೊಳೀತಿದ್ದ ಅಡುಗೆ ಅಕ್ಕ ಅಂದ್ರು, "ಅಲ್ಲ ಮೇಷ್ಟ್ರೇ, ಪದ ಹೇಳೋರು ಹುಡುಗ್ರ ಕಾಲು ನೋಡ್ಕಂಡು ಹೇಳ್ಬೇಕು, ಆ ಡಬ್ಬಕ್ಕೆ ಕಣ್ಣೈತಾ?" ಚಿಕ್ಕೋರಿದ್ದಾಗ ಕೋಲಾಟದ ತಂಡದಲ್ಲಿದ್ರಂತೆ. ಎರಡು ವರ್ಷ ಒಂದೇ ಕಾಂಪೌಂಡಲ್ಲಿದ್ದು ನಾನು ಅವರ ಹತ್ರ ಮಾತಾಡಿರೋದು ಬರೀ ಸಾರಿನ ಉಪ್ಪು ಖಾರ. ಮಾರನೇ ದಿನ ಅವರೇ ಪದ ಹೇಳಿದ್ರು, ಮಕ್ಕಳು ಸೊಲ್ಲು, ಅಂದ್ರೆ ಪಲ್ಲವಿ, ಹಿಡಿದ್ರು. ಯಾವ್ದಾದ್ರೂ ಜೋಡಿ ತಡವರಿಸಿದ್ರೆ ಅದೇ ಸಾಲನ್ನ ಇನ್ನೊಂದ್ಸಲ ಎಳೀತಾರೆ, ಎಲ್ಲಾ ಕೂಡ್ಕೊಂಡ ಮೇಲೇ ಮುಂದಿನ ನುಡಿ. ಒಬ್ರೂ ಜಗಳ ಆಡ್ಲಿಲ್ಲ. ಚಾರ್ಟ್ ಕಿತ್ತು ಬೀರು ಹಿಂದೆ ಇಟ್ಟೆ. ಹೆಡ್‌ಮೇಷ್ಟ್ರು ಮಾತ್ರ ಪ್ರತಿಭಾ ಕಾರಂಜಿಗೆ ಇನ್ನೂ ದೊಡ್ಡ ಸ್ಪೀಕರ್ ತರಿಸೋಣ ಅಂತಿದ್ದಾರೆ, ಏನ್ ಹೇಳೋದು.

ಉಗುರು ನೀಲಿಯಾದ ಹುಡುಗಿ ಅವತ್ತು ಹತ್ರ ಬಂದು "ಸಾರ್, ಅವ್ನು ಬೇಕಂತ ಹೊಡೀಲಿಲ್ಲ, ನಾನೇ ಕೋಲು ತಡ ಮಾಡ್ದೆ, ಹಾಡು ಓಡೋಯ್ತು" ಅಂದ್ಲು. ಅವನನ್ನ ಕರೆದು ತಪ್ಪಾಯ್ತು ಕಣೋ ಅಂದೆ, ಕೋಲು ಕೊಟ್ಟೆ. ತಗೊಳ್ಲಿಲ್ಲ. ಈಗ ಅಡುಗೆ ಅಕ್ಕನ ಪಕ್ಕ ನಿಂತ್ಕೊಂಡು ಸೊಲ್ಲು ಹೇಳ್ತಾನೆ, ಗಂಟಲು ಚೆನ್ನಾಗಿದೆ. ನಾನು ಹತ್ರ ಹೋದ್ರೆ ದನಿ ಇಳಿಸ್ತಾನೆ.