ಕೊನೆ ಬೆಂಚಿನಿಂದ ಕಂಡ ನನ್ನ ಕ್ಲಾಸು

ಜುಲೈ ತಿಂಗಳ ಮಡಿಕೇರಿ ಮಳೆ ಗೊತ್ತಲ್ಲ. ನಮ್ಮ ಕ್ಲಾಸ್‌ರೂಮಿಗೆ ಶೀಟಿನ ಮಾಡು. ಅವತ್ತು ಕೊನೆ ಬೆಂಚಿನಲ್ಲಿ ನೋಟ್‌ಬುಕ್ ಹಿಡಿದು ಒಬ್ಬ ಹುಡುಗಿ ಕೂತಿದ್ದಳು. ನಾಪೋಕ್ಲು ಬಸ್ಸಿನಲ್ಲಿ ಬರುವವಳು, ಓದುತ್ತಿರುವುದು ಕನ್ನಡ ಬಿಎ. ನನ್ನ ಅರ್ಥಶಾಸ್ತ್ರದ ಕ್ಲಾಸಿಗೆ ನಾನೇ ಕರೆದಿದ್ದೆ. "ಚೆನ್ನಾಗಿದೆ, ಚೆನ್ನಾಗಿಲ್ಲ ಅಂತ ಬರೀಬೇಡಮ್ಮ. ಏನಾಯ್ತು ಅಂತ ಬರಿ, ಸಾಕು" ಅಂದಿದ್ದೆ.

ಅಮೆರಿಕದ ಬ್ರಿನ್ ಮಾರ್ ಕಾಲೇಜಿನಲ್ಲಿ ಹೀಗೆ ಮಾಡುತ್ತಾರೆ. ಸಾಮಾನ್ಯವಾಗಿ ಆ ಕ್ಲಾಸಿಗೆ ಸೇರದ ವಿದ್ಯಾರ್ಥಿಯೊಬ್ಬರು ಬಂದು ಕೂತು ನೋಡುತ್ತಾರೆ, ಆಮೇಲೆ ಪಾಠ ಮಾಡಿದವರ ಜೊತೆ ಮಾತಾಡುತ್ತಾರೆ. ಅದಕ್ಕೆ ಸಂಬಳವೂ ಉಂಟು. ಪುಟದಲ್ಲಿ ಮೂರು ಕಾಲಂ: ಸಮಯ, ಕಂಡದ್ದು, ಅನಿಸಿದ್ದು. ನಾನೂ ಹಾಗೇ ಗೆರೆ ಹಾಕಿ ಕೊಟ್ಟಿದ್ದೆ.

ಸಂಜೆ ಓದಿದೆ.

"11.12: ರೇಟು ಏರಿದ ತಕ್ಷಣ ಕಾಫಿ ಬೆಳೆ ಯಾಕೆ ಜಾಸ್ತಿ ಆಗಲ್ಲ ಅಂತ ಮೇಡಂ ಕೇಳಿದರು. 11.12: ಮೇಡಂ ಅವರೇ ಉತ್ತರ ಹೇಳಿದರು."

ಎರಡಕ್ಕೂ ಒಂದೇ ಸಮಯ! ಮೂರನೇ ಕಾಲಂನಲ್ಲಿ: "ನನ್ನ ಪಕ್ಕದವನಿಗೆ ಗೊತ್ತಿತ್ತು. ಗಿಡ ಫಸಲಿಗೆ ಬರೋಕೆ ಮೂರ್ನಾಲ್ಕು ವರ್ಷ ಬೇಕು ಅಂತ ನನಗೆ ಮಾತ್ರ ಹೇಳಿದ."

ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಕಾಯುವುದು ಸುಮಾರು ಒಂದೇ ಸೆಕೆಂಡು ಅಂತ ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಅಳೆದು ತೋರಿಸಿದ್ದರು. ಮೂರು ಸೆಕೆಂಡು ಕಾದರೆ ಹೆಚ್ಚು ಮಕ್ಕಳು ಬಾಯಿ ಬಿಡುತ್ತಾರೆ, ಉತ್ತರವೂ ಉದ್ದವಾಗುತ್ತದೆ. ನಾನು ಇದನ್ನು ಓದಿದ್ದೆ. ಆದರೂ ನನ್ನ ಕ್ಲಾಸಿನಲ್ಲಿ ನಡೆದದ್ದು ಇದು.

ಇನ್ನೊಂದು ಸಾಲು ಜಾಸ್ತಿ ನೋಯಿಸಿತು. "11.30: ಮಳೆ ಜೋರು. ಹಿಂದಿನ ಎರಡು ಸಾಲು ಬರೆಯೋದು ನಿಲ್ಲಿಸಿದರು. 11.41: ಮಳೆ ಕಡಿಮೆ ಆಯಿತು. ಪಾಠ ಮುಂದೆ ಹೋಗಿದೆ."

ಹನ್ನೊಂದು ನಿಮಿಷ. ಸೆಮಿಸ್ಟರ್ ಕೊನೆಗೆ ಮಕ್ಕಳು ಟಿಕ್ ಹಾಕಿ ಕೊಡುವ ಫಾರಂನಲ್ಲಿ ಇದು ಯಾವತ್ತೂ ಬಂದಿರಲಿಲ್ಲ.

"ಯಾರೂ ನನಗೆ ಹೇಳಲೇ ಇಲ್ವಲ್ಲಮ್ಮ?"

"ಮಾರ್ಕ್ಸ್ ಹಾಕೋರು ನೀವೇ ಅಲ್ವಾ ಮೇಡಂ... ಹೇಗೆ ಹೇಳೋದು?"

ಅದಕ್ಕೇ ಹೊರಗಿನ ವಿದ್ಯಾರ್ಥಿ ಬೇಕು. ಅವಳ ಮಾರ್ಕ್ಸ್ ನನ್ನ ಕೈಯಲ್ಲಿಲ್ಲ.

ಈಗ ಮಳೆ ಬಡಿಯಲು ಶುರುವಾದರೆ ಮಾತು ನಿಲ್ಲಿಸುತ್ತೇನೆ. ಪ್ರಶ್ನೆಯನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದು, ಹಿಂದಿನ ಸಾಲಿಗೆ ಹೋಗಿ ಸುಮ್ನೆ ನಿಲ್ಲುತ್ತೇನೆ. ಕಳೆದ ವಾರ ಆ ಪಕ್ಕದ ಹುಡುಗ ತಾನಾಗಿಯೇ ಬಾಯಿ ಬಿಟ್ಟ. "ಮೇಡಂ, ರೋಬಸ್ಟಾ ಕಾಫಿಗೆ ಹೂವಿನ ಹೊತ್ತಲ್ಲಿ ಮಳೆ ಬರದಿದ್ರೆ ಸ್ಪ್ರಿಂಕ್ಲರ್ ಹಾಕಬೇಕು. ಆ ಖರ್ಚು ನಿಮ್ಮ ಲೆಕ್ಕದಲ್ಲಿ ಇಲ್ಲ."

ಇರಲಿಲ್ಲ. ಅವನ ಕೈಗೇ ಚಾಕ್‌ಪೀಸ್ ಕೊಟ್ಟೆ.