ಕತ್ತಲಲ್ಲಿ ಕೇಳಿದ ಮೊದಲ ಆಲ್ಬಂ

ಸಂಜೆ ಕರೆಂಟು ಹೋಯಿತು. ಇಯರ್‌ಫೋನ್ ಹಾಕಿಕೊಂಡು ಇಂಗ್ಲೆಂಡಿನ ರಾಕ್ ಬ್ಯಾಂಡ್ ಪಿಂಕ್ ಫ್ಲಾಯ್ಡ್‌ನ ಮೊದಲ ಆಲ್ಬಂ ಹಚ್ಚಿದೆ. 'ದಿ ಪೈಪರ್ ಅಟ್ ದಿ ಗೇಟ್ಸ್ ಆಫ್ ಡಾನ್', 1967.

ಮೊದಲು ಕಿವಿಗೆ ಬೀಳುವುದು ಹಾಡಲ್ಲ, ಒಂದು ದನಿ. ಬ್ಯಾಂಡಿನ ಮ್ಯಾನೇಜರ್ ಪೀಟರ್ ಜೆನ್ನರ್ ಮೆಗಾಫೋನಿನಲ್ಲಿ ಗ್ರಹ, ನಕ್ಷತ್ರಗಳ ಹೆಸರು ಓದುತ್ತಾರೆ. ಮಾತು ಸರಿಯಾಗಿ ತಿಳಿಯುವುದಿಲ್ಲ. ದೂರದ ರೈಲು ನಿಲ್ದಾಣದ ಪ್ರಕಟಣೆಯ ಹಾಗೆ. ಆಮೇಲೆ ಗಿಟಾರ್. ನಮ್ಮ ಪುಟ್ಟ ಕೋಣೆಗೆ ಗೋಡೆಗಳೇ ಇಲ್ಲವೆನ್ನಿಸಿತು.

ಬ್ಯಾಂಡಿನ ಗಾಯಕ, ಗಿಟಾರ್ ವಾದಕ ಸಿಡ್ ಬ್ಯಾರೆಟ್‌ಗೆ ಆಗ 21 ವರ್ಷ. ಸಿಗರೇಟ್ ಲೈಟರನ್ನು ತಂತಿಗಳ ಮೇಲೆ ಜಾರಿಸುತ್ತಾ ಗಿಟಾರ್ ನುಡಿಸುತ್ತಿದ್ದ ಹುಡುಗ. ಜೇಬಿನಲ್ಲಿರುವ ಒಂದು ಲೋಹದ ತುಂಡಿನಿಂದ ಆಕಾಶದ ಸದ್ದು ಹೊರಡಿಸಿದ! ಈ ಆಲ್ಬಂ ಮುದ್ರಣವಾದ ಲಂಡನ್ನಿನ ಸ್ಟುಡಿಯೋದಲ್ಲೇ, ಅದೇ ದಿನಗಳಲ್ಲಿ ಬೀಟಲ್ಸ್ ಕೂಡ ಧ್ವನಿಮುದ್ರಣದಲ್ಲಿದ್ದರು.

ಆಲ್ಬಂನ ಹನ್ನೊಂದು ಹಾಡುಗಳಲ್ಲಿ ಎಂಟನ್ನು ಬರೆದವನು ಸಿಡ್ ಒಬ್ಬನೇ. ಒಂದು ಕಡೆ ಸುಮಾರು ಹತ್ತು ನಿಮಿಷ ಮಾತೇ ಇಲ್ಲದ ಅಂತರಿಕ್ಷ ಯಾನ. ಇನ್ನೊಂದು ಕಡೆ ಬೆಕ್ಕು, ಬೆದರುಬೊಂಬೆ, ಸೈಕಲ್ಲು. ನನಗೆ ಹೆಚ್ಚು ಪ್ರೀತಿ ಈ ಎರಡನೆಯವುಗಳ ಮೇಲೆಯೇ. ನಕ್ಷತ್ರ ನೋಡಿ ಬಂದವನು ಸೈಕಲ್ ತೋರಿಸಿ, ಬೇಕಾದರೆ ಒಂದು ಸುತ್ತು ಹೊಡೆದು ಬಾ ಎನ್ನುತ್ತಾನೆ. ಎಂಥ ಸಲುಗೆ!

ಮರುವರ್ಷವೇ ಅವನು ಬ್ಯಾಂಡಿನಲ್ಲಿರಲಿಲ್ಲ. ಮನಸ್ಸಿನ ಆರೋಗ್ಯ ಕೈಕೊಟ್ಟಿತ್ತು. ಪ್ರತಿಸಲ ಕೇಳುವಾಗಲೂ ಇದೊಂದು ನೆನಪಾಗಿ ಎದೆ ಹಿಂಡುತ್ತದೆ.

ಕೊನೆಯ ಹಾಡಿನ ಗಡಿಯಾರಗಳ ಸದ್ದು ಶುರುವಾಗುವಾಗ ಕರೆಂಟು ಬಂತು. ಎದ್ದು ಹೋಗಿ ದೀಪ ಆರಿಸಿದೆ.